ಗಾಡಿಯ ಬೆನ್ನ ಹಿಂದಿನ ಗಾಳಿ

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನದು ಮಾರುತಿ ಈಕೋ. ಬಿಡಿಭಾಗದ ವ್ಯಾಪಾರ, ವಾರಕ್ಕೆ ಎರಡು ಸಲ ಹಿರಿಯೂರಿನಿಂದ ಬೆಂಗಳೂರಿಗೆ ಹೋಗಿ ಬರುತ್ತೇನೆ. ನನ್ನ ಅಕ್ಕನ ಮಗ ಐಟಿಐ ಮುಗಿಸಿ ಊರಲ್ಲೇ ವೆಲ್ಡಿಂಗ್ ಶೆಡ್ ಹಾಕಿದ್ದಾನೆ. "ಮಾವ, ಗಾಡಿ ಹಿಂದೆ ಮೀನಿನ ಬಾಲದ ಥರ ಚೂಪಾಗಿ ಶೀಟಿನ ಬಾಲ ಕಟ್ಟೋಣ, ಲೀಟರಿಗೆ ಮೂರು ನಾಲ್ಕು ಕಿಲೋಮೀಟರ್ ಜಾಸ್ತಿ ಸಿಗುತ್ತೆ" ಅಂತ ಗಂಟು ಬಿದ್ದಿದ್ದಾನೆ. ಇದು ನಿಜವೇ? ಬಾಲ ಎಷ್ಟು ಉದ್ದ ಇರಬೇಕು?
(ಓದುಗರು, ಹಿರಿಯೂರು)

ಉತ್ತರ: ನಿಮ್ಮ ಅಕ್ಕನ ಮಗ ಗಾಡಿಯ ಹಿಂಬದಿಯನ್ನು ನೋಡಿದನಲ್ಲ, ಅದಕ್ಕೆ ಮೊದಲು ಅವನಿಗೆ ನನ್ನ ಶಭಾಷ್ ಹೇಳಿ. ಗಾಳಿಯ ವಿಚಾರ ಬಂದರೆ ಎಲ್ಲರ ಕಣ್ಣೂ ಗಾಡಿಯ ಮೂತಿಯ ಮೇಲೆಯೇ. ಗಾಳಿಯನ್ನು ಸೀಳಿಕೊಂಡು ಹೋಯಿತು ಅಂತ ತಾನೇ ನಾವು ಹೇಳುವುದು? ಆದರೆ ಸೀಳಿದ ಗಾಳಿ ಹಿಂದೆ ಹೋಗಿ ಮತ್ತೆ ಕೂಡಿಕೊಳ್ಳಬೇಕು. ಡಬ್ಬಿಯಂಥ ಗಾಡಿಯ ಹಿಂದೆ ಅದಕ್ಕೆ ಆ ತಿರುವು ತೆಗೆದುಕೊಳ್ಳಲು ಆಗುವುದಿಲ್ಲ. ಹಳ್ಳಿ ರಸ್ತೆಯಲ್ಲಿ ಬಸ್ಸು ಹೋದ ಮೇಲೆ ತರಗೆಲೆ, ಕಾಗದದ ಚೂರು ಅದರ ಬೆನ್ನಟ್ಟಿ ಓಡುವುದನ್ನು ನೀವು ನೋಡಿರುತ್ತೀರಿ. ಬಸ್ಸಿನ ಹಿಂದೆ ಒತ್ತಡ ಇಳಿದ ಒಂದು ಜಾಗ ಇರುತ್ತದೆ, ಅದರೊಳಗೆ ಗಾಳಿ ಸುಳಿಸುಳಿಯಾಗಿ ಸುತ್ತುತ್ತಿರುತ್ತದೆ. ಎಲೆಯನ್ನು ಎಳೆದುಕೊಂಡದ್ದು ಅದೇ. ಬಸ್ಸನ್ನು ಹಿಂದಕ್ಕೆ ಜಗ್ಗುವುದೂ ಅದೇ.

ನಾನು ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಪಾಠ ಹೇಳುತ್ತಿದ್ದಾಗ ಇದನ್ನು ಬೋರ್ಡಿನ ಮೇಲೆ ಎಷ್ಟು ಬರೆದರೂ ಹುಡುಗರಿಗೆ ಹತ್ತುತ್ತಿರಲಿಲ್ಲ. ಒಂದು ವರ್ಷ ವಿಭಾಗದ ಹಳೇ ಓಮ್ನಿಯ ಮೇಲೆ ಕೆಂಪು ಉಲ್ಲನ್ ದಾರವನ್ನು ಗೇಣುದ್ದ ತುಂಡು ಮಾಡಿ ಸಾಲಾಗಿ ಟೇಪ್ ಹಚ್ಚಿ ಅಂಟಿಸಿದೆವು. ಒಂದು ತುದಿಗೆ ಮಾತ್ರ ಟೇಪು, ಇನ್ನೊಂದು ತುದಿ ಸಡಿಲ. ಪಕ್ಕದಲ್ಲಿ ಇನ್ನೊಂದು ಕಾರಿನಲ್ಲಿ ಕೂತು ನೋಡಿದೆವು. ಮೇಲ್ಛಾವಣಿಯ ದಾರಗಳೆಲ್ಲ ಎಣ್ಣೆ ಹಚ್ಚಿ ಬಾಚಿದ ಕೂದಲಿನ ಹಾಗೆ ಹಿಂದಕ್ಕೆ ಮಲಗಿದ್ದವು. ಹಿಂಗಾಜಿನ ಮೇಲಿನವು ಒಂದೂ ಮಲಗಿರಲಿಲ್ಲ. ಕೆಲವು ಮೇಲಕ್ಕೆ ಎದ್ದಿದ್ದವು, ಕೆಲವು ಮುಂದಕ್ಕೇ ತಿರುಗಿಕೊಂಡು ಒದ್ದಾಡುತ್ತಿದ್ದವು. ಗಾಳಿ ಎಲ್ಲಿ ಗಾಡಿಯ ಮೈ ಬಿಟ್ಟಿತು ಅನ್ನುವುದು ಛಾವಣಿಯ ಅಂಚಿನಲ್ಲಿ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ನಿಮ್ಮ ಹುಡುಗ ಶೀಟಿಗೆ ಕತ್ತರಿ ಹಾಕುವ ಮೊದಲು ಈ ಕೆಲಸ ಮಾಡಲಿ. ಒಂದು ಉಂಡೆ ದಾರ ಸಾಕು.

ಈಗ ಬಾಲದ ವಿಷಯ. ಚೂಪು ತುದಿಯವರೆಗೆ ಹೋಗಬೇಕಾದ ಅಗತ್ಯವೇ ಇಲ್ಲ. 1930ರ ದಶಕದಲ್ಲೇ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ವುನಿಬಾಲ್ಡ್ ಕಾಮ್ ಅನ್ನುವ ಪ್ರಾಧ್ಯಾಪಕರು ಈ ಮಾತು ಹೇಳಿದ್ದರು. ಹಿಂಬದಿಯನ್ನು ನಿಧಾನವಾಗಿ ಕಿರಿದು ಮಾಡುತ್ತಾ ಬನ್ನಿ, ಅಗಲ ಎತ್ತರ ಸಾಕಷ್ಟು ಇಳಿದ ಮೇಲೆ ಥಟ್ಟನೆ ಕತ್ತರಿಸಿಬಿಡಿ, ಉಳಿದ ಉದ್ದನೆಯ ಬಾಲದಿಂದ ಸಿಗುವ ಲಾಭ ಅಲ್ಪ. ಇವತ್ತಿಗೂ ಆ ಕತ್ತರಿಸಿದ ಹಿಂಭಾಗಕ್ಕೆ ಅವರದೇ ಹೆಸರು. ಟೊಯೊಟಾ ಪ್ರಿಯಸ್‌ನ ಬೆನ್ನು ಇಳಿದು ಬಂದು ಒಮ್ಮೆಲೇ ನಿಲ್ಲುತ್ತದಲ್ಲ, ಅದು ಇದೇ ವಿಚಾರ.

ಮನೆಯಲ್ಲಿ ಕಟ್ಟುವವರಿಗೆ ಕಾಮ್ ಅವರಿಗಿಂತಲೂ ಹತ್ತಿರದ ಇನ್ನೊಂದು ಪ್ರಯೋಗ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಾಸಾದ ವಿಮಾನ ಸಂಶೋಧನಾ ಕೇಂದ್ರದ ಎಂಜಿನಿಯರ್ ಎಡ್ವಿನ್ ಸಾಲ್ಟ್ಸ್‌ಮನ್ ಸೈಕಲ್ ತುಳಿದುಕೊಂಡು ಹೋಗುವಾಗ, ಪಕ್ಕದಲ್ಲಿ ದೊಡ್ಡ ಲಾರಿ ಹಾದಾಗಲೆಲ್ಲ ಮೊದಲು ಯಾರೋ ದೂಡಿದ ಹಾಗೆ, ಆಮೇಲೆ ಯಾರೋ ಸೆಳೆದ ಹಾಗೆ ಆಗುತ್ತಿದ್ದುದನ್ನು ಗಮನಿಸಿದರು. ವಿಮಾನದ ಕೆಲಸ ಮಾಡುತ್ತಿದ್ದವರು 1970ರ ದಶಕದಲ್ಲಿ ಒಂದು ಹಳೇ ವ್ಯಾನಿಗೆ ಅಲ್ಯೂಮಿನಿಯಂ ತಗಡು ಹೊದಿಸಿ ಬೂಟಿನ ಡಬ್ಬಿಯ ಹಾಗೆ ಮಾಡಿಕೊಂಡು, ಒಂದೊಂದೇ ಅಂಚು ಬದಲಾಯಿಸುತ್ತಾ ಅಳೆದರು. ಆ ಸರಣಿಯಲ್ಲೇ 1981ರಲ್ಲಿ ಹೊರಬಂದ ವರದಿ ಬಾಲದ್ದು. ಡಬ್ಬಿ ವ್ಯಾನಿನ ಹಿಂದೆ ಪೂರ್ತಿ ಉದ್ದದ ಬಾಲ ಕಟ್ಟಿದಾಗ ಹೆದ್ದಾರಿ ವೇಗದಲ್ಲಿ ಗಾಳಿಯ ತಡೆ ಸರಾಸರಿ ಶೇ 32 ಇಳಿಯಿತು. ಅದೇ ಬಾಲವನ್ನು ಮೊಟಕು ಮಾಡಿ ಕಟ್ಟಿದಾಗ ಶೇ 31. ಅಷ್ಟೂ ಉದ್ದದ ಚೂಪು ತುದಿ ದುಡಿದದ್ದು ಬರೀ ಶೇ 1. ಈ ಎರಡು ಅಂಕಿಗಳನ್ನು ನಿಮ್ಮ ಹುಡುಗ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಳ್ಳಲಿ.

ಆದರೆ ಶೇ 31 ನಿಮ್ಮ ಈಕೋಗೂ ಸಿಗುತ್ತದೆ ಅಂದುಕೊಳ್ಳಬೇಡಿ. ಅದು ಪ್ರಯೋಗಕ್ಕೆಂದೇ ಅಣಿಮಾಡಿದ ಗಾಡಿ, ಬಾಲವೂ ಹಿಂಬದಿಯ ನಾಲ್ಕೂ ಕಡೆ ಸಂದಿಲ್ಲದೆ ಕೂತದ್ದು. ಒಂದೂವರೆ ಎರಡು ಅಡಿಯ ಮನೆ ಬಾಲಕ್ಕೆ ಶೇ 10 ಅಂತ ಇಟ್ಟುಕೊಂಡು ಲೆಕ್ಕ ಮಾಡೋಣ, ಅದೂ ಉದಾರವಾಗಿಯೇ.

ಎಲ್ಲಕ್ಕಿಂತ ಮುಖ್ಯ ಓರೆ. ಇಲ್ಲಿಯೇ ಬಹಳ ಜನ ತಪ್ಪುವುದು. ಬೇಗ ಕಿರಿದಾಗಲಿ ಅಂತ ಶೀಟನ್ನು ಕಡಿದಾಗಿ ಇಳಿಸಿದರೆ ಗಾಳಿ ಅದನ್ನು ಹಿಡಿದುಕೊಳ್ಳದೆ ಬಿಟ್ಟುಬಿಡುತ್ತದೆ, ಇಲ್ಲವೇ ಎರಡು ಪಕ್ಕದಲ್ಲಿ ಹಗ್ಗ ಹೊಸೆದ ಹಾಗೆ ಬಲವಾದ ಸುಳಿಗಳಾಗುತ್ತವೆ. 1984ರಲ್ಲಿ ಜರ್ಮನಿಯಲ್ಲಿ ಎಸ್. ಆರ್. ಅಹ್ಮದ್ ಮತ್ತು ಸಂಗಡಿಗರು ಒಂದು ಸರಳ ಮಾದರಿಯ ಬೆನ್ನಿನ ಓರೆಯನ್ನು ಬದಲಿಸುತ್ತಾ ಅಳೆದಾಗ, ತಡೆ ಎಲ್ಲಕ್ಕಿಂತ ಕಡಿಮೆ ಆದದ್ದು 12 ಡಿಗ್ರಿಯ ಆಸುಪಾಸಿನಲ್ಲಿ, ಎಲ್ಲಕ್ಕಿಂತ ಹೆಚ್ಚಾದದ್ದು 30 ಡಿಗ್ರಿಯ ಹತ್ತಿರ. ಅಂದರೆ ಅವಸರದ ಓರೆಗಿಂತ ಓರೆಯೇ ಇಲ್ಲದ ಡಬ್ಬಿ ಮೇಲು. ಶೆಡ್ಡಿನ ಭಾಷೆಯಲ್ಲಿ ಹೇಳುವುದಾದರೆ, ಒಂದು ಅಡಿ ಉದ್ದಕ್ಕೆ ಎರಡು ಇಂಚು ಇಳಿಸಿ. ಅದು ಸುಮಾರು 10 ಡಿಗ್ರಿ. ಎರಡೂವರೆ ಇಂಚು ದಾಟಬೇಡಿ. ಛಾವಣಿಗೂ ಶೀಟಿಗೂ ನಡುವೆ ಮೆಟ್ಟಿಲು, ಸಂದು ಇರಬಾರದು. ಬಾಲ ಮುಗಿಯುವ ಅಂಚನ್ನು ಮಾತ್ರ ಉರುಟು ಮಾಡದೆ ಚೊಕ್ಕವಾಗಿ ಬಿಡಿ. ಗಾಳಿ ಅಲ್ಲಿ ಒಂದೇ ಸಲ ಕಳಚಿಕೊಳ್ಳಬೇಕು. ಜಿಐ ಶೀಟಿಗೆ ಈಗಲೇ ಹಣ ಹಾಕಬೇಡಿ, ಚುನಾವಣೆ ಬೋರ್ಡಿಗೆ ಬಳಸುವ ಹಗುರವಾದ ಟೊಳ್ಳು ಪ್ಲಾಸ್ಟಿಕ್ ಹಾಳೆ ಸಿಗುತ್ತದಲ್ಲ, ಪ್ರಯೋಗಕ್ಕೆ ಅದೇ ಸಾಕು.

ಈಗ ನೀವು ಕೇಳಿದ ಮೈಲೇಜು. ನಿಮ್ಮ ಗಾಡಿ, ನೀವು, ಸಾಮಾನು ಸೇರಿ 1,250 ಕಿಲೋ ಅನ್ನೋಣ. ಮುಂದಿನಿಂದ ನೋಡಿದರೆ ಕಾಣುವ ಅಳತೆ 2.3 ಚದರ ಮೀಟರ್, ಗಾಳಿಯ ತಡೆಯ ಗುಣಾಂಕ, ಅಂದರೆ ಗಾಡಿಯ ಆಕಾರ ಗಾಳಿಗೆ ಎಷ್ಟು ಅಡ್ಡ ಬರುತ್ತದೆ ಅನ್ನುವ ಅಂಕಿ, 0.4 ಅಂತ ಹಿಡಿಯೋಣ. ಹಾಗಾದರೆ 60 ಕಿಲೋಮೀಟರ್ ವೇಗದಲ್ಲಿ ಗಾಳಿಯ ತಡೆಯೂ ಟೈರ್ ಉರುಳುವ ತಡೆಯೂ ಹೆಚ್ಚುಕಡಿಮೆ ಸಮ, ತಲಾ 140 ನ್ಯೂಟನ್ (ಬಲದ ಅಳತೆ) ಆಸುಪಾಸು. 80ಕ್ಕೆ ಹೋದರೆ ಟೈರಿನದು ಅಷ್ಟೇ ಇರುತ್ತದೆ, ಗಾಳಿಯದು 250ಕ್ಕೆ ಏರುತ್ತದೆ. 100ಕ್ಕೆ ಹೋದರೆ 390. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು. ಬಾಲ ಕಟ್ಟಿ ಶೇ 10 ಉಳಿಸಿದರೆ 80ರ ವೇಗದಲ್ಲಿ ಒಟ್ಟು ತಡೆ ಇಳಿಯುವುದು ಶೇ 6ರಷ್ಟು. ಎಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳಲು ಕುಡಿಯುವ ಪೆಟ್ರೋಲು ಬೇರೆ ಇದೆ, ಅದು ಬಾಲ ನೋಡಿ ಕಡಿಮೆಯಾಗುವುದಿಲ್ಲ. ಹೀಗಾಗಿ ಲೀಟರಿಗೆ 16 ಕೊಡುವ ಗಾಡಿ ಹೆದ್ದಾರಿಯಲ್ಲಿ 16.7 ಕೊಡಬಹುದು. ಮೂರು ನಾಲ್ಕು ಕಿಲೋಮೀಟರ್ ಸುಳ್ಳು. ತುಮಕೂರು ದಾಟಿ ಬೆಂಗಳೂರಿನ ಟ್ರಾಫಿಕ್ಕಿಗೆ ಸಿಕ್ಕಿದ ಮೇಲೆ ಅದು ಕೂಡ ಇಲ್ಲ.

ಅಷ್ಟನ್ನಾದರೂ ಸರಿಯಾಗಿ ಅಳೆಯುವುದು ಹೇಗೆ? ನಾಸಾದವರು ಮಾಡಿದ್ದು ನಮ್ಮ ಕೈಗೂ ಎಟಕುವ ಕೆಲಸ. ಜನ, ವಾಹನ ಇಲ್ಲದ ಸಮತಟ್ಟು ರಸ್ತೆಯಲ್ಲಿ 80ಕ್ಕೆ ತಂದು ನ್ಯೂಟ್ರಲ್‌ಗೆ ಹಾಕಿ, 60ಕ್ಕೆ ಇಳಿಯಲು ಎಷ್ಟು ಸೆಕೆಂಡು ಹಿಡಿಯಿತು ನೋಡಿ. ಕೀ ಮಾತ್ರ ಆಫ್ ಮಾಡಬೇಡಿ, ಬ್ರೇಕು ಸ್ಟೀರಿಂಗ್ ಎರಡೂ ಬಿಗಿಯುತ್ತವೆ. ಮೇಲಿನ ಲೆಕ್ಕದ ಪ್ರಕಾರ ಬಾಲ ಇಲ್ಲದೆ ಸುಮಾರು 20 ಸೆಕೆಂಡು, ಬಾಲ ಇದ್ದರೆ ಅದಕ್ಕಿಂತ 1 ಸೆಕೆಂಡು ಚಿಲ್ಲರೆ ಹೆಚ್ಚು. ನಿಮ್ಮ ಲಾಭ ಪೂರ್ತಿ ಆ 1 ಸೆಕೆಂಡಿನಲ್ಲಿದೆ. ಸ್ಟಾಪ್‌ವಾಚ್ ಒತ್ತುವ ಬೆರಳು ತಡವಾದರೆ, ಸಣ್ಣ ಗಾಳಿ ಬೀಸಿದರೆ, ಟೈರ್ ಬಿಸಿಯಾದರೆ ಅದು ಕಳೆದುಹೋಗುತ್ತದೆ. ಅದಕ್ಕೇ ಹೋಗುವಾಗ ಐದು ಸಲ, ಬರುವಾಗ ಐದು ಸಲ, ಬಾಲ ಬಿಚ್ಚಿ ಮತ್ತೆ ಅಷ್ಟೇ ಸಲ, ಪುನಃ ಕಟ್ಟಿ ಇನ್ನೊಮ್ಮೆ. ನಿಮ್ಮ ಜಿಲ್ಲೆಯಲ್ಲಿ ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲವಲ್ಲ. ಆಷಾಢದಲ್ಲಿ ಈ ಪರೀಕ್ಷೆಗೆ ಇಳಿಯಲೇಬೇಡಿ. 80ರಲ್ಲಿ ಹೋಗುವಾಗ ಎದುರಿನಿಂದ 20ರ ಗಾಳಿ ಬೀಸಿದರೆ ನಿಮ್ಮ ಗಾಡಿಗೆ ಅದು 100ರ ಗಾಳಿ, ತಡೆ ಅರ್ಧಕ್ಕಿಂತಲೂ ಹೆಚ್ಚು ಏರಿರುತ್ತದೆ. ಬೆಳಗಿನ ಜಾವ ಎಲೆ ಅಲ್ಲಾಡದ ಹೊತ್ತು ಒಳ್ಳೆಯದು.

ಇನ್ನು ಹೇಳಲೇಬೇಕಾದ ಮಾತು. ನಮ್ಮ ಓಮ್ನಿಗೂ ಹುಡುಗರು ಬಾಲ ಕಟ್ಟಿದ್ದರು. ಪಾಪ್ ರಿವೆಟ್ ಹೊಡೆದ ತಗಡು, ಕೆಲಸ ಅಚ್ಚುಕಟ್ಟಾಗಿತ್ತು, ನಾನೇ ಕೈಯಿಂದ ಜಗ್ಗಿ ನೋಡಿ ಆಗಲಿ ಅಂದಿದ್ದೆ. ಹಿಂಬದಿಯ ಗಾಳಿ ಒಂದೇ ಸಮ ಎಳೆಯುವುದಿಲ್ಲ, ತಟ್ಟುತ್ತಾ ಎಳೆಯುತ್ತದೆ. ಅರ್ಧ ಗಂಟೆಯಲ್ಲಿ ಒಂದು ಸಾಲು ರಿವೆಟ್ ಸಡಿಲವಾಗಿ, ಮೇಲಿನ ತಗಡು ಕಿತ್ತುಕೊಂಡು ರಸ್ತೆಗೆ ಬಿತ್ತು. ಹಿಂದೆ ಒಂದು ಬೈಕು ಬರುತ್ತಿತ್ತು, ಗಂಡ ಹೆಂಡತಿ, ನಡುವೆ ಮಗು. ಅವರು ದೂರ ಇದ್ದರು, ನಿಲ್ಲಿಸಿಕೊಂಡರು, ಯಾರಿಗೂ ಏನೂ ಆಗಲಿಲ್ಲ. ಆ ತಗಡಿನ ಅಂಚು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ದಿನದಿಂದ ಸಾರ್ವಜನಿಕ ರಸ್ತೆಯಲ್ಲಿ ಇಂಥದ್ದಕ್ಕೆ ನಾನು ಒಪ್ಪಿಲ್ಲ.

ಕಾನೂನೂ ಒಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಬಾಲ ಕಟ್ಟಿದರೆ ಗಾಡಿಯ ಉದ್ದವೇ ಬದಲಾಯಿತಲ್ಲ. ಹಿಂದಿನ ದೀಪ, ನಂಬರ್ ಪ್ಲೇಟ್ ಮರೆಯಾದರೆ ಅದು ಬೇರೆ ತಪ್ಪು. ಅಪಘಾತ ಆದರೆ ವಿಮೆಯವರ ಮುಂದೆ ನಿಮ್ಮ ಮಾತು ನಿಲ್ಲುವುದು ಕಷ್ಟ.

ಹಾಗಾದರೆ ನೀವೇನು ಮಾಡಬೇಕು? ಪ್ರಯೋಗ ಮಾಡಿ, ಖಾಸಗಿ ಜಾಗದಲ್ಲಿ, ಬಿಚ್ಚಿ ತೆಗೆಯುವ ಹಾಗೆ. ಅವನು ಕಲಿಯಲಿ, ಅದಕ್ಕೆ ಅಡ್ಡ ಬರಬೇಡಿ. ಬೆಂಗಳೂರಿನ ಓಡಾಟಕ್ಕೆ ಮಾತ್ರ ಬೇರೆ ದಾರಿ ಹೇಳುತ್ತೇನೆ. ಛಾವಣಿಯ ಮೇಲೆ ಖಾಲಿ ಕ್ಯಾರಿಯರ್ ಇದ್ದರೆ ಬಿಚ್ಚಿಡಿ. ಟೈರಿಗೆ ಕಂಪನಿ ಹೇಳಿದಷ್ಟು ಗಾಳಿ ತುಂಬಿಸಿ. 90ರಲ್ಲಿ ಹೋಗುವವರಾದರೆ 80ಕ್ಕೆ ಇಳಿಸಿ, ಗಾಳಿಯ ತಡೆ ಶೇ 21 ಕಡಿಮೆಯಾಗುತ್ತದೆ. ಅದು ನಾವು ಲೆಕ್ಕ ಹಾಕಿದ ಬಾಲದ ಎರಡರಷ್ಟು, ಹಿರಿಯೂರಿನಿಂದ ಬೆಂಗಳೂರಿಗೆ ತಡವಾಗುವುದು ಕಾಲು ಗಂಟೆಯ ಒಳಗೆ.

ಪ್ರಶ್ನೆ: ಮೇಡಮ್ಮಾರ, ನಾ ಡಿಪ್ಲೊಮಾ ಎರಡನೇ ವರ್ಷದಾಗ ಅದೀನ್ರಿ. ಆನ್‌ಲೈನ್‌ನಾಗ ಶಾರ್ಕ್ ರೆಕ್ಕಿಯಂಥ ಸಣ್ಣ ಸಣ್ಣ ಪ್ಲಾಸ್ಟಿಕ್ ತುಂಡು ಸಿಗತಾವ್ರಿ, ಛಾವಣಿ ಹಿಂದ ಅಂಟಿಸಿದ್ರ ಮೈಲೇಜ್ ಶೇ 10 ಏರತೈತಿ ಅಂತ ಬರದಾರ. ನಮ್ಮ ಅಪ್ಪಾರ ವ್ಯಾಗನ್ ಆರ್‌ಗೆ ಹಚ್ಚಲ್ರ್ಯಾ?
(ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಹಚ್ಚಬೇಡಪ್ಪ, ಆ ದುಡ್ಡಿಗೆ ಉಲ್ಲನ್ ದಾರ ತಂದುಕೋ. ಆ ರೆಕ್ಕೆಗಳು ಸುಳ್ಳಲ್ಲ, ಅವು ಇರಬೇಕಾದ ಜಾಗ ಬೇರೆ. ಗಾಡಿಯ ಮೈಗೆ ತಾಗಿದ ಗಾಳಿಯ ಪದರ ಉಜ್ಜಿ ಉಜ್ಜಿ ದಣಿದಿರುತ್ತದೆ. ಓರೆಯಾದ ಹಿಂಗಾಜು ಬಂದಾಗ ಅದನ್ನು ಹಿಡಿದು ಇಳಿಯುವ ಕಸುವು ಅದಕ್ಕೆ ಇರುವುದಿಲ್ಲ. ರೆಕ್ಕೆ ಸಣ್ಣ ಸುಳಿ ಎಬ್ಬಿಸಿ ಮೇಲಿನ ಚುರುಕು ಗಾಳಿಯನ್ನು ಕೆಳಗಿನ ದಣಿದ ಗಾಳಿಯ ಜೊತೆ ಬೆರೆಸುತ್ತದೆ, ಆಗ ಗಾಳಿ ಇನ್ನಷ್ಟು ದೂರ ಗಾಜನ್ನು ಹಿಡಿದುಕೊಂಡು ಇಳಿಯುತ್ತದೆ. ಮಿತ್ಸುಬಿಷಿ ಎಂಜಿನಿಯರುಗಳು ಲ್ಯಾನ್ಸರ್ ಎವಲ್ಯೂಷನ್ ಸೆಡಾನ್ ಮೇಲೆ ಇದನ್ನು ಕೂಲಂಕಷವಾಗಿ ಅಳೆದು 2004ರಲ್ಲಿ ಪ್ರಕಟಿಸಿದರು. ರೆಕ್ಕೆಯ ಎತ್ತರ, ಛಾವಣಿಯ ಅಂಚಿನಿಂದ ಎಷ್ಟು ಮುಂದೆ ಇರಬೇಕು, ಎಲ್ಲ ನೋಡಿ ಸರಿಪಡಿಸಿದ ಮೇಲೆ ಅವರಿಗೆ ಸಿಕ್ಕಿದ್ದು ಗುಣಾಂಕದಲ್ಲಿ 0.006ರ ಇಳಿಕೆ. ಗುಣಾಂಕ 0.35 ಇರುವ ಕಾರಿಗೆ ಅದು ಶೇ 2 ಕೂಡ ಆಗುವುದಿಲ್ಲ, ಅದೂ ಗಾಳಿಯ ತಡೆಯಲ್ಲಿ, ಪೆಟ್ರೋಲಿನಲ್ಲಿ ಇನ್ನೂ ಕಡಿಮೆ. ಗಾಡಿಯ ಮೇಲೆ ಗಾಳಿ ಹಾಯಿಸಿ ಅಳೆಯುವ ದೊಡ್ಡ ಕಂಪನಿಯ ಗಾಳಿ ಸುರಂಗದಲ್ಲಿ ಸಿಕ್ಕಿದ್ದೇ ಇಷ್ಟು ಅಂದಮೇಲೆ ಶೇ 10 ಎಲ್ಲಿಂದ ಬಂತು ಅಂತ ನೀನೇ ಕೇಳಿಕೋ.

ವ್ಯಾಗನ್ ಆರ್‌ನ ಬೆನ್ನು ಗೋಡೆಯ ಹಾಗೆ ನೆಟ್ಟಗೆ ಇಳಿಯುತ್ತದೆ. ಎಷ್ಟು ಕಸುವು ತುಂಬಿದರೂ ಗಾಳಿ ಅಷ್ಟು ತಿರುಗಲಾರದು. ಬೇಕಾದರೆ ದಾರ ಅಂಟಿಸಿ ಸ್ನೇಹಿತನ ಕಾರಿನಿಂದ ವಿಡಿಯೊ ಮಾಡು, ನೀನು ಗಾಡಿ ಓಡಿಸುತ್ತಾ ಕನ್ನಡಿಯಲ್ಲಿ ನೋಡಬೇಡ. ನಿಮ್ಮ ಓಣಿಯಲ್ಲಿ ಯಾರದಾದರೂ ಸೆಡಾನ್ ಇದ್ದರೆ ಅದಕ್ಕೂ ಅಂಟಿಸಿ ಎರಡನ್ನೂ ಹೋಲಿಸು. ಪ್ರಾಜೆಕ್ಟ್ ವರ್ಕಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಡ. ಮಾಡಿದರೆ ನನಗೆ ಬರೆದು ತಿಳಿಸು, ಓದಲು ಆಸೆಯಿದೆ.

ಪ್ರಶ್ನೆ: ನಮ್ಮದು ಹ್ಯಾಚ್‌ಬ್ಯಾಕ್ ಕಾರು. ತೋಟದ ಮಣ್ಣು ರಸ್ತೆಯಲ್ಲಿ ಎರಡು ಕಿಲೋಮೀಟರ್ ಬಂದರೆ ಸಾಕು, ಹಿಂಗಾಜು ಕೆಂಪು ಬಳಿದ ಹಾಗೆ ಆಗುತ್ತದೆ. ಪಕ್ಕದ ಮನೆಯವರ ಸೆಡಾನ್‌ಗೆ ಇಷ್ಟು ಕೂರುವುದಿಲ್ಲ. ಛಾವಣಿಗೆ ಏನಾದರೂ ಕಟ್ಟಿ ತಪ್ಪಿಸಬಹುದೇ? ಇನ್ನೊಂದು: ನನ್ನ ಮೈದುನ ಉದ್ದನೆಯ ಪಿವಿಸಿ ಪೈಪ್ ತರುವಾಗ ಡಿಕ್ಕಿ ಬಾಗಿಲು ತೆರೆದೇ ಓಡಿಸುತ್ತಾನೆ, ಹಿಂದೆ ಮಕ್ಕಳು ಕೂತಿರುತ್ತಾರೆ. ಪರವಾಗಿಲ್ಲವೇ?
(ಓದುಗರು, ಶಿರಸಿ)

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ ತಾಯಿ. ಖಂಡಿತ ಬೇಡ, ಇವತ್ತಿನಿಂದಲೇ ನಿಲ್ಲಿಸಲು ಹೇಳಿ. ಗಾಡಿಯ ಹಿಂದೆ ಸುತ್ತುವ ಗಾಳಿಯೊಳಗೇ ಸೈಲೆನ್ಸರಿನ ಹೊಗೆಯೂ ಬಂದು ಬೀಳುತ್ತದೆ. ಡಿಕ್ಕಿ ತೆರೆದಿದ್ದರೆ ಆ ಹೊಗೆ ನೇರ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಕ್ಕಳಿಗೆ ತಲೆನೋವು, ತೂಕಡಿಕೆ ಬಂದರೆ ಬಿಸಿಲಿಗೆ ಅಂದುಕೊಳ್ಳುತ್ತೇವೆ. ಜೀವಕ್ಕೇ ಕುತ್ತು ತರುವ ಅನಿಲ ಅದು. ಕಿಟಕಿ ಇಳಿಸಿದರೆ ಸಾಕು ಅಂತ ನಂಬಬೇಡಿ. ಪೈಪ್ ತರಲು ಗೂಡ್ಸ್ ಆಟೊ ಮಾಡಿಕೊಳ್ಳಲಿ.

ಧೂಳಿನ ಕಾರಣವೂ ಅದೇ ಸುಳಿ. ಚಕ್ರ ಎಬ್ಬಿಸಿದ ಮಣ್ಣು ಸುಳಿಯೊಳಗೆ ಸಿಕ್ಕಿ ಸುತ್ತಿ ಸುತ್ತಿ ಗಾಜಿಗೆ ಬಂದು ಕೂರುತ್ತದೆ. ಸೆಡಾನ್‌ನಲ್ಲಿ ಗಾಳಿ ಓರೆ ಗಾಜಿನ ಮೇಲೆ ಹರಿದು ಡಿಕ್ಕಿಯ ಅಂಚಿನಲ್ಲಿ ಬಿಡುವುದರಿಂದ ಧೂಳು ಡಿಕ್ಕಿಯ ಹಿಂಬದಿಗೆ ಕೂರುತ್ತದೆ, ಗಾಜು ಉಳಿದುಕೊಳ್ಳುತ್ತದೆ. ಹ್ಯಾಚ್‌ಬ್ಯಾಕ್‌ಗೆ ಹಿಂದೆ ವೈಪರ್ ಕೊಟ್ಟು ಸೆಡಾನ್‌ಗೆ ಸಾಮಾನ್ಯವಾಗಿ ಕೊಡದಿರುವುದು ಇದಕ್ಕೇ. ಅಮೆರಿಕದ ಹಳೆಯ ಸ್ಟೇಷನ್ ವ್ಯಾಗನ್‌ಗಳಲ್ಲಿ (ಛಾವಣಿ ಹಿಂದಿನ ತುದಿಯವರೆಗೂ ಚಾಚಿದ ಉದ್ದನೆಯ ಕಾರು) ಛಾವಣಿಯ ಹಿಂದಿನ ಅಂಚಿಗೆ ಸ್ವಲ್ಪ ಸಂದು ಬಿಟ್ಟು ಕೆಳಕ್ಕೆ ಬಾಗಿದ ಒಂದು ಪಟ್ಟಿ ಇರುತ್ತಿತ್ತು. ಮೇಲಿನ ಶುಭ್ರ ಗಾಳಿಯನ್ನು ಗಾಜಿನ ಮೇಲೆ ಇಳಿಬಿಡುವುದು ಅದರ ಕೆಲಸ. ಅದರಿಂದ ಗಾಜು ಚೊಕ್ಕವಾಗುತ್ತದೆ, ಮೈಲೇಜ್ ಏರುವುದಿಲ್ಲ. ನಿಮ್ಮ ಎರಡು ಕಿಲೋಮೀಟರ್ ಮಣ್ಣು ರಸ್ತೆಯ ನಿಧಾನ ವೇಗಕ್ಕೆ ಅದು ಹೆಚ್ಚು ಉಪಯೋಗಕ್ಕೂ ಬಾರದು. ವೈಪರ್ ಇರುವ ಮಾಡೆಲ್ ಆದರೆ ನೀರು ತುಂಬಿಟ್ಟುಕೊಳ್ಳಿ, ಇಲ್ಲವಾದರೆ ಒಂದು ಬಾಟಲಿ ನೀರು, ಒದ್ದೆ ಬಟ್ಟೆ. ಒಣ ಬಟ್ಟೆಯಲ್ಲಿ ಮಾತ್ರ ಉಜ್ಜಬೇಡಿ, ಮಣ್ಣಿನ ಕಣ ಗಾಜಿಗೆ ಗೀರು ಹಾಕುತ್ತದೆ.

ಪ್ರಶ್ನೆ: ಚಿಂತಾಮಣಿಯಿಂದ ಟೊಮೆಟೊ ಇಳಿಸಿ ಖಾಲಿ ಬರುವಾಗ ಪಿಕಪ್‌ನ ಹಿಂದಿನ ಬಾಗಿಲು ಇಳಿಬಿಟ್ಟರೆ ಗಾಳಿ ಸಲೀಸಾಗಿ ಹೋಗಿ ಡೀಸೆಲ್ ಉಳಿಯುತ್ತದೆ ಅಂತ ನಮ್ಮ ಸ್ಟ್ಯಾಂಡಿನಲ್ಲಿ ಹೇಳುತ್ತಾರೆ. ಹೌದೇ?
(ಚಾಲಕರು, ಶ್ರೀನಿವಾಸಪುರ)

ಉತ್ತರ: ಇಲ್ಲಣ್ಣ, ಮುಚ್ಚಿಕೊಂಡೇ ಬನ್ನಿ. ಬಾಗಿಲು ಮುಚ್ಚಿದ್ದರೆ ತೊಟ್ಟಿಯೊಳಗೆ ಗಾಳಿಯ ಒಂದು ಸುಳಿ ಕೂತುಬಿಡುತ್ತದೆ, ಕ್ಯಾಬಿನ್ ಮೇಲಿಂದ ಬಂದ ಗಾಳಿ ಆ ಸುಳಿಯ ಮೇಲೆ ಜಾರಿ ಹಿಂದಕ್ಕೆ ಹೋಗುತ್ತದೆ. ಇಳಿಬಿಟ್ಟರೆ ಸುಳಿ ಚದುರಿ, ಗಾಳಿ ಕ್ಯಾಬಿನ್ ಹಿಂದೆ ಧುಮುಕಿ ಇನ್ನಷ್ಟು ಎಳೆಯುತ್ತದೆ. ಖಾಲಿ ಕ್ರೇಟುಗಳನ್ನು ಕ್ಯಾಬಿನ್ನಿಗಿಂತ ಎತ್ತರ ಪೇರಿಸಬೇಡಿ, ಟಾರ್ಪಾಲನ್ನು ಪಟಪಟ ಹೊಡೆಯದ ಹಾಗೆ ಬಿಗಿಯಾಗಿ ಕಟ್ಟಿ. ಹಗ್ಗದ ತುದಿ ಜೋತು ಬೀಳದಂತೆ ಒಳಗೆ ಸಿಕ್ಕಿಸಿ, ಹಿಂದೆ ಬರುವ ಬೈಕಿನ ಚಕ್ರಕ್ಕೆ ಅದು ಸುತ್ತಿಕೊಂಡೀತು.